ಮೌನ ತಳೆದ ಎಂಜಿನ್

ಚಿಕ್ಕೋಡಿ ತಾಲೂಕಿನ ಕರೋಶಿಯಂಥ ಊರಿನಲ್ಲಿ, ಬೇಸಗೆಯ ಮುಂಜಾವಿನಲ್ಲಿ ಬಾವಿಯ ದಂಡೆಯ ಡೀಸೆಲ್ ಎಂಜಿನ್ ಹೊರಡಲಿಲ್ಲವೆಂದರೆ ಮನೆಯ ಮಾತೇ ನಿಲ್ಲುತ್ತದೆ. ಕಬ್ಬು ನೀರಿಗೆ ಕಾದಿರುತ್ತದೆ. ಒಡೆಯನಾದರೋ ಸಿಟ್ಟಿನಿಂದ ಹ್ಯಾಂಡಲ್ ತಿರುವುತ್ತಲೇ ಇರುತ್ತಾನೆ.

ಶ್ರೋತೃಗಳೇ, ಎಂಜಿನ್ನಿಗೆ ಸಿಟ್ಟು ತಿಳಿಯದು; ಕ್ರಮ ತಿಳಿದೀತು. 1897ರಲ್ಲಿ ರುಡಾಲ್ಫ್ ಡೀಸೆಲ್ ಓಡಿಸಿ ತೋರಿಸಿದ ಈ ಬಗೆಯ ಯಂತ್ರದಲ್ಲಿ ಕಿಡಿ ಹಾರಿಸುವ ಪ್ಲಗ್ ಇಲ್ಲ. ಸಿಲಿಂಡರಿನಲ್ಲಿ ಅದುಮಿದ ಗಾಳಿ ಕಾದು, ಅದರೊಳಗೆ ಸಿಂಪಡಿಸಿದ ಡೀಸೆಲ್ ತಾನಾಗಿ ಹೊತ್ತಿಕೊಳ್ಳಬೇಕು. ಆದ್ದರಿಂದ ಕೇಳಬೇಕಾದ ಪ್ರಶ್ನೆಗಳು ಮೂರೇ: ಡೀಸೆಲ್ ಬರುತ್ತಿದೆಯೆ? ಗಾಳಿ ಒಳಹೋಗುತ್ತಿದೆಯೆ? ಒತ್ತಡ ನಿಲ್ಲುತ್ತಿದೆಯೆ?

ಟಾಕಿ ಒಮ್ಮೆ ಪೂರ್ತಿ ಬರಿದಾಗಿದ್ದರೆ, ಮತ್ತೆ ತುಂಬಿದ ಮಾತ್ರಕ್ಕೆ ಕೆಲಸವಾಗದು. ಕೊಳವೆಯಲ್ಲಿ ಸಿಕ್ಕ ಗಾಳಿ ದಾರಿ ಕಟ್ಟಿರುತ್ತದೆ. ಫಿಲ್ಟರಿನ ಮೇಲಣ ತಿರುಪನ್ನು ತುಸು ಸಡಿಲಿಸಿರಿ. ನೊರೆ ನಿಂತು ಗುಳ್ಳೆಯಿಲ್ಲದ ಡೀಸೆಲ್ ಹರಿದಾಗ ಬಿಗಿಗೊಳಿಸಿರಿ. ಗಾಳಿ ಸೋಸುವ ಜಾಲರಿಯ ಧೂಳನ್ನೂ ತೆಗೆಯಿರಿ. ಹ್ಯಾಂಡಲ್ ಹಿಡಿಯುವಾಗ ಹೆಬ್ಬೆರಳು ಉಳಿದ ಬೆರಳುಗಳ ಬದಿಗೇ ಇರಲಿ; ಎಂಜಿನ್ ಹಿಂದಕ್ಕೆ ಒದ್ದರೆ ಮುಂಗೈ ಮುರಿದೀತು.

ಒತ್ತಡ ಬಿಡಿಸುವ ಲಿವರನ್ನು ಮರಳಿ ಇಳಿಸಿದ ಮೇಲೂ ಚಕ್ರ ತಡೆಯಿಲ್ಲದೆ ಹಗುರಾಗಿ ತಿರುಗಿದರೆ, ಅದು ಮಿಸ್ತ್ರಿಯ ಕೆಲಸ. ಆದರೆ ನೀವು ಏನೇನು ನೋಡಿದಿರೆಂಬುದನ್ನು ಅವನಿಗೆ ಕ್ರಮವಾಗಿ ಹೇಳಿರಿ. ಅರ್ಧ ದುರಸ್ತಿ ಅಲ್ಲಿಗೇ ಆಗಿರುತ್ತದೆ. ಕಬ್ಬಿಗೂ ಅರ್ಧ ದಿನ ಉಳಿದಿರುತ್ತದೆ.