ಸೀಸನ್ನಿನ ಊರಿನಲ್ಲಿ ಒಂದು ಚಾಪೆಯಷ್ಟು ಜಾಗ

ಬೆಟ್ಟದ ಮೇಲೊಂದು ಸರೋವರ, ಅದರ ಸುತ್ತ ವಿಹಾರದ ಊರು ಎಂದೊಡನೆ ನಮ್ಮ ಕಡೆಯವರಿಗೆ ಉದಕಮಂಡಲ ನೆನಪಾಗುತ್ತದೆ, ಉತ್ತರದವರಿಗೆ ನೈನಿತಾಲ್. ಕುಮಾವೂಂ ಬೆಟ್ಟಗಳ ನಡುವೆ, ಸಮುದ್ರಮಟ್ಟದಿಂದ ಸುಮಾರು 6,400 ಅಡಿ ಎತ್ತರದಲ್ಲಿ ಈ ಊರಿದೆ. ಇದರ ಸೊಬಗನ್ನು ಬಣ್ಣಿಸಿದವರು ಅನೇಕರು. ನಾನಿಂದು ಹೇಳಹೊರಟಿರುವುದು ಅಲ್ಲಿಗೆ ಅನ್ನವನ್ನರಸಿ ಬರುವವರ ವಿಚಾರ. ಪ್ರವಾಸಿ ಬರುವ ಮುನ್ನ ಬಂದು, ಪ್ರವಾಸಿ ಇಳಿದು ಹೋದ ಮೇಲೆ ತಾವೂ ಇಳಿದು ಹೋಗುವವರು ಇವರು.

ನೈನಿತಾಲಿನ ಬದುಕನ್ನೆಲ್ಲ ಅಳೆಯುವ ಪದ ಒಂದೇ: ಸೀಸನ್. ಮೇ, ಜೂನ್ ತಿಂಗಳುಗಳದು ದೊಡ್ಡ ಸೀಸನ್. ಮಳೆ ಕಳೆದು ದಸರೆಯ ಹೊತ್ತಿಗೆ ಬರುವುದು ಚಿಕ್ಕದು. ಆಗ ಹೋಟೆಲಿನ ಅಡುಗೆಮನೆಗೆ, ದೋಣಿಯ ಹುಟ್ಟಿಗೆ, ಹೊರೆಯ ಹಗ್ಗಕ್ಕೆ ಕೈಗಳು ಬೇಕು. ಸುತ್ತಲ ಹಳ್ಳಿಗಳಿಂದ, ಕೆಳಗಿನ ಬಯಲುಸೀಮೆಯಿಂದ, ಪಶ್ಚಿಮ ನೇಪಾಳದ ಡೋಟಿ ಸೀಮೆಯಿಂದ ಜನ ಬರುತ್ತಾರೆ. ನೇಪಾಳದವರು ಹೀಗೆ ಬಂದು ದುಡಿಯುವುದಕ್ಕೆ 1950ರ ಭಾರತ–ನೇಪಾಳ ಒಪ್ಪಂದ ದಾರಿ ತೆರೆದಿಟ್ಟಿದೆ. ದುಡಿಮೆಗೆ ದಾರಿ ತೆರೆದಿದೆ, ನಿಜ. ಆದರೆ ರಾತ್ರಿ ಮಲಗುವುದೆಲ್ಲಿ?

ಈ ಪ್ರಶ್ನೆಗೆ ಊರಿನಷ್ಟೇ ವಯಸ್ಸು. 1841ರಲ್ಲಿ ಬ್ಯಾರನ್ ಎಂಬ ಆಂಗ್ಲ ವರ್ತಕ ಈ ಸರೋವರವನ್ನು ಕಂಡು ಪ್ರಚಾರ ಮಾಡಿದ ಮೇಲೆ ಬಂಗಲೆಗಳು ಎದ್ದವು. ಮುಂದೆ ಸಂಯುಕ್ತ ಪ್ರಾಂತದ ಸರ್ಕಾರವೇ ಬೇಸಿಗೆಗೆ ಇಲ್ಲಿಗೆ ಏರಿ ಬರತೊಡಗಿತು. ನರಭಕ್ಷಕಗಳ ಕಥೆಗಳಿಂದ ನಮಗೆಲ್ಲ ಪರಿಚಿತನಾದ ಜಿಮ್ ಕಾರ್ಬೆಟ್ ಹುಟ್ಟಿದ್ದು ಇಲ್ಲಿಯೇ, 1875ರಲ್ಲಿ. ಆತನ ತಾಯಿ ಮೇರಿ ಜೇನ್, 1881ರಲ್ಲಿ ಪತಿಯನ್ನು ಕಳೆದುಕೊಂಡು ದೊಡ್ಡ ಸಂಸಾರವನ್ನು ಸಲಹಿದವಳು. ಬೇಸಿಗೆಗೆ ಬರುವ ಬಿಳಿಯರಿಗೆ ಮನೆಗಳನ್ನು ಬಾಡಿಗೆಗೆ ಗೊತ್ತುಮಾಡಿಕೊಡುವುದು ಆಕೆಯ ಉದ್ಯೋಗವಾಗಿತ್ತು. ಸಾಹೇಬನಿಗೆ ಮನೆ ಹುಡುಕಿಕೊಡುವವರು ಅಂದೇ ಇದ್ದರೆಂದಾಯಿತು. ಸಾಹೇಬನ ಸಾಮಾನು ಹೊತ್ತು ತಂದವನಿಗೆ ಜಾಗ ಹುಡುಕಿಕೊಡುವವರು ಅಂದೂ ಇರಲಿಲ್ಲ, ಇಂದೂ ಇಲ್ಲ.

ಹೊಸ ಮನೆಗಳನ್ನು ಕಟ್ಟಿದರಾಯಿತು ಎಂದು ನಮಗೆ ತೋರಬಹುದು. ಬೆಟ್ಟ ಅದಕ್ಕೆ ಒಪ್ಪುವುದಿಲ್ಲ. 1880ರ ಸೆಪ್ಟೆಂಬರ್ 18ರಂದು, ಎಡೆಬಿಡದ ಮಳೆಯಲ್ಲಿ, ಸರೋವರದ ಮೇಲಣ ಇಳಿಜಾರು ಕುಸಿದು 151 ಜನ ಮಣ್ಣುಪಾಲಾದರು. ಇಂದು ಮಕ್ಕಳು ಚೆಂಡಾಡುವ ‘ಫ್ಲಾಟ್ಸ್’ ಎಂಬ ವಿಶಾಲ ಬಯಲು ಆ ದಿನ ಜಾರಿದ ಮಣ್ಣಿನಿಂದಲೇ ಹರಡಿಕೊಂಡಿತು. ಮಳೆನೀರನ್ನು ಸರೋವರಕ್ಕೆ ಸಾಗಿಸುವ ನಾಲೆಗಳನ್ನು ಆ ಅನಾಹುತದ ತರುವಾಯ ವಿಸ್ತರಿಸಿದರು. 1995ರಲ್ಲಿ ಸರ್ವೋಚ್ಚ ನ್ಯಾಯಾಲಯವೂ ಊರೊಳಗೆ ಬಹುಮಹಡಿಯ ವಸತಿ ಸಮುಚ್ಚಯಗಳು ಏಳಕೂಡದೆಂದಿತು. ಇದು ವಿವೇಕದ ಮಾತು. ಆದರೆ ವಿವೇಕಕ್ಕೂ ಒಂದು ಬೆಲೆಯುಂಟು. ಆ ಬೆಲೆಯನ್ನು ತೆರುವವನು ಯಾರೆಂಬುದನ್ನು ನೋಡಬೇಕು. ಇರುವ ಮನೆಗಳು ಹೆಚ್ಚುವಂತಿಲ್ಲ. ಇರುವ ಕೊಠಡಿಗೆ ಪ್ರವಾಸಿ ಒಂದು ರಾತ್ರಿಗೆ ಕೊಡುವ ಹಣವನ್ನು ಕೂಲಿಯವನು ವಾರವೆಲ್ಲ ದುಡಿದರೂ ಕಾಣಲಾರ. ಹೀಗಿರುವಾಗ ಕೊಠಡಿ ಯಾರ ಪಾಲಾಗುತ್ತದೆಂದು ಬಿಡಿಸಿ ಹೇಳಬೇಕಾಗಿಲ್ಲ.

ಒಮ್ಮೆ ಜೂನ್ ತಿಂಗಳಲ್ಲಿ ಅಲ್ಲಿದ್ದಾಗ, ಹಣೆಗೆ ಪಟ್ಟಿ ಕಟ್ಟಿ ಹೊರೆ ಹೊರುವ ಡೋಟಿಯ ಹಿರಿಯರೊಬ್ಬರನ್ನು ಕೇಳಿದೆ: “ಇಲ್ಲಿ ಕೆಲಸ ಉಂಟೆಂದು ನಿಮಗೆ ಹೇಗೆ ತಿಳಿಯಿತು?”

“ಕೆಲಸದ ವಿಚಾರ ಯಾರೂ ಹೇಳಲಿಲ್ಲ ಬಾಬೂಜಿ. ನಮ್ಮೂರಿನವನೊಬ್ಬ ಇಲ್ಲಿದ್ದ. ಅವನ ಪಕ್ಕದಲ್ಲಿ ಒಬ್ಬ ಮಲಗುವಷ್ಟು ಜಾಗ ಖಾಲಿಯಾಯಿತು, ಬಂದೆ.”

ಹೋಟೆಲಿನ ಅಡುಗೆಮನೆಯ ಹುಡುಗನದು ಇದಕ್ಕೆ ತಿರುಗುಮುರುಗಾದ ಕಥೆ. ಅವನಿಗೆ ಮೊದಲು ಕೆಲಸ, ಅದರ ಬೆನ್ನಿಗೆ ಉಗ್ರಾಣದ ಮೂಲೆಯಲ್ಲಿ ಹಾಸಿಗೆ. “ಕೆಲಸ ಬಿಟ್ಟರೆ?” ಎಂದೆ. “ಅಂದೇ ರಾತ್ರಿ ಹಾಸಿಗೆ ಸುತ್ತಬೇಕು ಸಾಬ್,” ಎಂದು ನಕ್ಕ.

ಈ ಎರಡು ಮಾತುಗಳಲ್ಲಿ ಸೀಸನ್ನಿನ ಊರಿನ ಅರ್ಥಶಾಸ್ತ್ರವೆಲ್ಲ ಅಡಗಿದೆ. ಅಲ್ಲಿ ಕೆಲಸವೂ ಹಾಸಿಗೆಯೂ ಒಂದೇ ದಾರದ ಎರಡು ತುದಿ. ಒಂದನ್ನು ಬಿಟ್ಟವನ ಕೈಯಿಂದ ಇನ್ನೊಂದೂ ಜಾರುತ್ತದೆ. ಆದುದರಿಂದಲೇ ಆ ಹುಡುಗ ಹದಿನಾರು ಗಂಟೆ ದುಡಿಸಿಕೊಂಡರೂ ಎದುರಾಡನು. ಬಾಕಿ ಕೂಲಿಯನ್ನು ಗಟ್ಟಿಯಾಗಿ ಕೇಳನು. ಹಾಸಿಗೆಯಿದ್ದಷ್ಟು ಕಾಲು ಚಾಚೆಂಬ ಗಾದೆ ನಮ್ಮಲ್ಲುಂಟು. ಹಾಸಿಗೆಯೇ ಪರರ ಕೈಯಲ್ಲಿದ್ದರೆ ಕಾಲು ಚಾಚುವುದಿರಲಿ, ಬಾಯಿ ತೆರೆಯುವುದೂ ಕಷ್ಟ.

ಕಾನೂನು ಈ ಸಂಗತಿಯನ್ನು ಕಾಣಲೇ ಇಲ್ಲವೆನ್ನುವಂತಿಲ್ಲ. ಪರರಾಜ್ಯದಿಂದ ಕೂಲಿಕಾರರನ್ನು ಕರೆತರುವ ಗುತ್ತಿಗೆದಾರನು ಅವರಿಗೆ ತಕ್ಕ ವಸತಿ ಒದಗಿಸಬೇಕೆಂದು 1979ರ ಅಂತರರಾಜ್ಯ ವಲಸೆ ಕಾರ್ಮಿಕರ ಕಾಯಿದೆ ವಿಧಿಸಿತು. ಆದರೆ ಬೆಟ್ಟದ ಊರಿಗೆ ಬರುವವರಲ್ಲಿ ಅನೇಕರನ್ನು ಯಾವ ಗುತ್ತಿಗೆದಾರನೂ ಕರೆತಂದಿರುವುದಿಲ್ಲ. ಪಕ್ಕದ ಹಳ್ಳಿಯವನು ಪರರಾಜ್ಯದವನಲ್ಲ. ಡೋಟಿಯವನು ಬೇರೆ ದೇಶದವನು. ಒಬ್ಬೊಬ್ಬರಾಗಿ ನಡೆದು ಬಂದ ಇಂಥವರಿಗೆ ಆ ಕಾಯಿದೆಯ ನೆರಳು ದೊರೆಯಲಿಲ್ಲ.

ಇನ್ನೊಮ್ಮೆ ಜನವರಿಯಲ್ಲಿ ಅಲ್ಲಿಗೆ ಹೋಗಿದ್ದೆ. ವಸತಿಶಾಲೆಗಳಿಗೆ ಚಳಿಗಾಲದ ರಜೆ. ದೋಣಿಗಳು ದಡದಲ್ಲಿ ಸಾಲಾಗಿ ನಿಂತಿದ್ದವು. ಬೆಟ್ಟದ ಮೈಯಲ್ಲಿ ಬೀಗ ಹಾಕಿದ ಮನೆಗಳನ್ನು ಎಣಿಸುತ್ತ ನಡೆದೆ. ಇಪ್ಪತ್ತರ ಮೇಲೆ ಎಣಿಕೆ ಬಿಟ್ಟೆ. ಕೆಲವು ಬಂಗಲೆಗಳ ಹಿಂದೆ ಆಳುಗಳಿಗಾಗಿ ಕಟ್ಟಿದ್ದ ಹಳೆಯ ಕೋಣೆಗಳ ಮಾಡು ಕುಸಿದಿತ್ತು. ಹೊಸ ಕಲ್ಲನ್ನು ಹೊರಿಸದೆಯೇ ಈ ಬೆಟ್ಟ ಇನ್ನಷ್ಟು ಜನರಿಗೆ ಆಸರೆ ಕೊಡಬಲ್ಲದಲ್ಲವೆ ಎಂದು ನನಗೆ ಆಗ ಅನಿಸಿತು. ಕುಸಿದ ಮಾಡುಗಳನ್ನು ಎತ್ತಿ ನಿಲ್ಲಿಸಿದರೆ, ಮಾಲೀಕನ ಮರ್ಜಿಗೆ ಒಳಪಡದ ಒಂದೆರಡು ಸಾರ್ವಜನಿಕ ತಂಗುಮನೆಗಳನ್ನು ನಗರಸಭೆ ನಡೆಸಿದರೆ, ಕೆಲಸ ಬಿಟ್ಟ ರಾತ್ರಿಯೂ ಮನುಷ್ಯನಿಗೆ ಮಲಗಲು ಜಾಗವಿರುತ್ತದೆ. ಆ ಒಂದು ರಾತ್ರಿಯ ಧೈರ್ಯವಿದ್ದರೆ ನ್ಯಾಯವಾದ ಕೂಲಿಯನ್ನು ಅವನೇ ಕೇಳಿ ಪಡೆಯಬಲ್ಲ.

ನಾವು ಬೆಟ್ಟದ ಊರಿಗೆ ಹೋದಾಗ ಕಿಟಕಿಯಿಂದ ಸರೋವರ ಕಾಣುವುದೇ ಎಂದು ವಿಚಾರಿಸುತ್ತೇವೆ. ತಪ್ಪೇನಿಲ್ಲ. ಅದರೊಡನೆ, ಬೆಳಿಗ್ಗೆ ಬಿಸಿನೀರು ತಂದಿಡುವವನು ರಾತ್ರಿ ಎಲ್ಲಿ ಮಲಗಿದ್ದನೆಂದೂ ವಿಚಾರಿಸಬಹುದು. ದುಡಿಯಲು ಕರೆಯುವ ಊರು ಮಲಗಲು ಜಾಗ ತೋರಿಸುವುದು ಉಪಕಾರವಲ್ಲ. ಅದೂ ಕೂಲಿಯ ಒಂದು ಭಾಗ.