ಹಳಿ ತಪ್ಪಿಸಿ ಜೀವ ಉಳಿಸುವ ಪಾಯಿಂಟ್



ಬ್ರಿಟಿಷ್ ರೈಲ್ವೆಯ ಮಾದರಿಯನ್ನು ಮೇಜಿನ ಮೇಲೆ ಕಟ್ಟುವವರು ನಿಲ್ದಾಣ, ಸುರಂಗ, ಸಿಗ್ನಲ್ ಎಲ್ಲವನ್ನೂ ಇಡುತ್ತಾರೆ. ಗಾಡಿಯನ್ನು ಬೇಕೆಂದೇ ಹಳಿ ತಪ್ಪಿಸುವ ಪಾಯಿಂಟನ್ನು ಮಾತ್ರ ಹಲವರು ಮರೆಯುತ್ತಾರೆ. ಹಳಿ ತಪ್ಪಿಸುವುದೂ ರಕ್ಷಣೆಯೇ? ಖಂಡಿತ.

ಟ್ರ್ಯಾಪ್ ಪಾಯಿಂಟ್ ಇರುವುದು ಸೈಡಿಂಗ್ ಅಥವಾ ಗೂಡ್ಸ್ ಲೂಪ್ ಪ್ರಯಾಣಿಕರ ಮಾರ್ಗವನ್ನು ಸೇರುವ ಮುನ್ನ. ಅಪ್ಪಣೆಯಿಲ್ಲದೆ ಹೊರಟ ವ್ಯಾಗನ್ ಅಲ್ಲಿಯೇ ನೆಲಕ್ಕಿಳಿಯುತ್ತದೆ.

ಕ್ಯಾಚ್ ಪಾಯಿಂಟಿನ ಜಾಗ ಏರುಮಾರ್ಗ. 1889ರಲ್ಲಿ ಐರ್ಲೆಂಡಿನ ಆರ್ಮಾ ಬಳಿ ಏರಿನಲ್ಲಿ ಬೇರ್ಪಡಿಸಿದ ಬೋಗಿಗಳು ಹಿಂದಕ್ಕೆ ಉರುಳಿ, ಹಿಂದಿನಿಂದ ಬರುತ್ತಿದ್ದ ರೈಲಿಗೆ ಬಡಿದು ಸುಮಾರು 80 ಜನ ಸತ್ತರು. ಅವರಲ್ಲಿ ಹಲವರು ಮಕ್ಕಳು. ಅದೇ ವರ್ಷ ಪ್ರಯಾಣಿಕ ರೈಲುಗಳಿಗೆ ನಿರಂತರ ಬ್ರೇಕ್ ಕಡ್ಡಾಯವಾಯಿತು. ಗೂಡ್ಸ್ ವ್ಯಾಗನ್‌ಗಳು ಮಾತ್ರ ಬಹುಕಾಲ ಅದಿಲ್ಲದೆಯೇ ಓಡಿದವು. ಕೊಂಡಿ ಕಳಚಿ ಹಿಂದಕ್ಕೆ ಉರುಳುವ ಅಂಥ ವ್ಯಾಗನ್‌ಗಳನ್ನು ತಡೆಯುವುದೇ ಕ್ಯಾಚ್ ಪಾಯಿಂಟಿನ ಕೆಲಸ.

ನಿಮ್ಮ ಮಾದರಿಯಲ್ಲಿ ಇಷ್ಟನ್ನು ಗಮನಿಸಿ. ಟ್ರ್ಯಾಪಿನ ಬಾಯಿ ಮುಖ್ಯಮಾರ್ಗದಿಂದ ದೂರಕ್ಕೆ ತಿರುಗಿರಲಿ. ಸೈಡಿಂಗಿನ ಪಾಯಿಂಟು ಮುಖ್ಯಮಾರ್ಗಕ್ಕೆ ಹೊಂದಿಕೊಂಡಾಗ ಟ್ರ್ಯಾಪ್ ತೆರೆದಿರಬೇಕು. ಎರಡನ್ನೂ ಒಂದೇ ಲಿವರಿಗೆ ಜೋಡಿಸಿ. ಹಳಿ ತಪ್ಪಿದ ಗಾಡಿ ಸೇತುವೆಗೋ ಸಿಗ್ನಲ್ ಬಾಕ್ಸಿಗೋ ಬಡಿಯಬಾರದು. ಸ್ಪ್ರಿಂಗಿನ ಕ್ಯಾಚ್ ಪಾಯಿಂಟನ್ನು ಎರಡೂ ದಿಕ್ಕಿಗೆ ರೈಲು ಓಡುವ ಒಂಟಿ ಹಳಿಯಲ್ಲಿ ಇಡಬೇಡಿ. ಎಲ್ಲ ವ್ಯಾಗನ್‌ಗೂ ಬ್ರೇಕ್ ಬಂದ ಈಚಿನ ಕಾಲವನ್ನು ತೋರಿಸುವಿರಾದರೆ ಅದು ಬೇಕಾಗಿಯೂ ಇಲ್ಲ.

ನೋಡಲು ಬಂದ ಮಕ್ಕಳಿಗೆ ಆ ಚಿಕ್ಕ ತುಂಡು ಹಳಿಯನ್ನು ತೋರಿಸಿ, "ಇದು ಇಲ್ಲಿ ಏಕಿದೆ?" ಎಂದು ಕೇಳಿ. ಒಬ್ಬರ ತಪ್ಪಿಗೆ ಇನ್ನೊಬ್ಬರು ಬಲಿಯಾಗಬಾರದೆಂಬ ಪಾಠ ಅಲ್ಲಿಂದಲೇ ಆರಂಭವಾಗುತ್ತದೆ.