ಅಗ್ಗದ ಸಿಮ್‌ಗೆ ಹೋಗೋ ಮುಂಚೆ: ಅಪ್ಪನ ನಂಬರ್ ಪೋರ್ಟ್ ಮಾಡಿ ನಾನು ಕಲಿತದ್ದು

ಇವತ್ತು ಅತಿಥಿ ಯಾರೂ ಇಲ್ಲ, ನಾನೊಬ್ಬಳೇ. ವಿಷಯ ಸಣ್ಣದು: ಕಡಿಮೆ ದುಡ್ಡಿನ ಸಿಮ್. ಆದ್ರೆ ಈ ಸಣ್ಣ ವಿಷಯಕ್ಕೆ ನಮ್ಮಪ್ಪ ಸಂತೆ ದಿನ ಸಾಲ ಮಾಡಬೇಕಾಯ್ತು. ಅದನ್ನೇ ಹೇಳ್ತೀನಿ.

ನಮ್ಮದು ಶಿಡ್ಲಘಟ್ಟದಿಂದ ಚಿಂತಾಮಣಿಗೆ ಹೋಗೋ ದಾರಿಯಲ್ಲಿ ಒಂದು ಹಳ್ಳಿ. ಹಿಪ್ಪುನೇರಳೆ ತೋಟ, ಹುಳುಮನೆ, ನಾಲ್ಕು ಜನ, ನಾಲ್ಕು ಫೋನು. 2024ರ ಜುಲೈ 3ಕ್ಕೆ ಜಿಯೋ, ಏರ್‌ಟೆಲ್ ದರ ಏರಿಸಿದ್ವು, ಮಾರನೇ ದಿನ ವಿಐ. ಜಿಯೋದಲ್ಲಿ ದಿನಕ್ಕೆ ಒಂದೂವರೆ ಜಿಬಿಯ 28 ದಿನದ ಪ್ಯಾಕ್ 239 ಇದ್ದದ್ದು 299 ಆಯ್ತು. ಅರವತ್ತು ರೂಪಾಯಿ ಏನ್ ಮಹಾ ಅಂತ ನಂಗೂ ಅನ್ಸಿತ್ತು. ಆದ್ರೆ ನಾಲ್ಕು ಫೋನಿಗೆ 240 ಆಯ್ತಲ್ಲ. 28 ದಿನದ ಲೆಕ್ಕ ಅಂದ್ರೆ ವರ್ಷಕ್ಕೆ 12 ಸಲ ಅಲ್ಲ, 13 ಸಲ. ಒಟ್ಟು 3,120 ರೂಪಾಯಿ. ಇದು ಬರೀ ಏರಿಕೆ ಅಷ್ಟೇ, ಮೊದಲಿಂದ ಕಟ್ತಿದ್ದದ್ದು ಬೇರೆ.

ನಮ್ಮಮ್ಮ ಒಂದು ಮಾತು ಹೇಳ್ತಾರೆ. "ಹುಳ ಹಣ್ಣಾಗೋದೂ ನಿಮ್ಮ ರೀಚಾರ್ಜ್ ಮುಗಿಯೋದೂ ಒಟ್ಟಿಗೇ ಬರುತ್ತೆ ನೋಡು." ಮೊಟ್ಟೆ ಒಡೆದು ಬಂದಮೇಲೆ ಗೂಡು ಕಟ್ಟೋವರೆಗೆ ರೇಷ್ಮೆ ಹುಳಕ್ಕೂ ಹೆಚ್ಚುಕಮ್ಮಿ ನಾಲ್ಕು ವಾರ ಬೇಕು. ವ್ಯತ್ಯಾಸ ಏನಂದ್ರೆ, ಬೆಳೆ ಕೈಕೊಟ್ಟರೂ ರೀಚಾರ್ಜ್ ಮಾಡ್ಸಲೇಬೇಕು.

ಆವಾಗ ಬಿಎಸ್ಎನ್ಎಲ್ ದರ ಏರಿಸ್ಲಿಲ್ಲ. ಅದಕ್ಕೇ ಬಹಳ ಜನ ಅತ್ತ ಪೋರ್ಟ್ ಆದ್ರು. ಆದ್ರೆ ಅದರ 4ಜಿ ಆಗ ಎಲ್ಲಾ ಕಡೆ ಇರ್ಲಿಲ್ಲ. ಜಿಯೋ ಶುರುವಾಗಿದ್ದು 2016ರ ಸೆಪ್ಟೆಂಬರ್‌ನಲ್ಲಿ. ಬಿಎಸ್ಎನ್ಎಲ್‌ನ ಸ್ವದೇಶಿ 4ಜಿಯನ್ನ ಪ್ರಧಾನಿ ದೇಶಕ್ಕೆ ಉದ್ಘಾಟಿಸಿದ್ದು 2025ರ ಸೆಪ್ಟೆಂಬರ್ 27ಕ್ಕೆ. ಅಂದ್ರೆ ಒಂಬತ್ತು ವರ್ಷ ತಡ. ಟಿಸಿಎಸ್, ತೇಜಸ್, ಸಿ-ಡಾಟ್ ಸೇರಿ ಇಲ್ಲೇ ಮಾಡಿದ ತಂತ್ರಜ್ಞಾನ ಅನ್ನೋದು ಹೆಮ್ಮೆ ವಿಷಯ, ಒಪ್ತೀನಿ. ಆದ್ರೆ ನಮ್ಮ ತೋಟದಲ್ಲಿ ಕಾಲ್ ಹೋಗುತ್ತಾ ಅನ್ನೋ ಪ್ರಶ್ನೆಗೆ ಹೆಮ್ಮೆ ಉತ್ತರ ಕೊಡಲ್ಲ. ಅಲ್ಲೇ ನಿಂತು ನೋಡಬೇಕು.

ನಾನು ನೋಡಿದೆ. ಎರಡನೇ ಸ್ಲಾಟ್‌ಗೆ ಕಡಿಮೆ ದುಡ್ಡಿನದೊಂದು ಹೊಸ ಸಿಮ್ ಹಾಕಿ, ಹಳೇದನ್ನ ಹಾಗೇ ಬಿಟ್ಟು, ಒಂದು ತಿಂಗಳು ಸುತ್ತಮುತ್ತಲ ತಾಲ್ಲೂಕು ಸುತ್ತಿದೆ. ಯಾವ ಕಂಪನಿ ಅಂತ ಹೇಳಲ್ಲ. ನಮ್ಮ ಓಣಿಯ ಒಂದು ಟವರ್ ನೋಡಿ ಇಡೀ ಕಂಪನಿಗೆ ಮಾರ್ಕ್ಸ್ ಕೊಡೋದು ನಂಗೆ ಸರಿ ಅನ್ಸಲ್ಲ, ಮತ್ತೆ ನಾಳೆ ಅಲ್ಲೇ ಇನ್ನೊಂದು ಟವರ್ ಎದ್ರೆ ನನ್ನ ಮಾತು ಸುಳ್ಳಾಗುತ್ತೆ.

ಚಿಕ್ಕಬಳ್ಳಾಪುರ ಬಸ್ ಸ್ಟ್ಯಾಂಡಲ್ಲಿ ಎರಡೂ ಸಿಮ್ ಚೆನ್ನಾಗಿದ್ವು. ಊರೊಳಗೆ ಯಾವುದಿದ್ರೂ ನಡೆಯುತ್ತೆ. ಮಂಚೇನಹಳ್ಳಿ ಮೇಲೆ ಗೌರಿಬಿದನೂರಿಗೆ ಹೋಗೋವಾಗ ಬೆಟ್ಟದ ಮಗ್ಗುಲಲ್ಲಿ ಒಂದೊಂದು ಕಡೆ ಇದು, ಒಂದೊಂದು ಕಡೆ ಅದು. ಗೌರಿಬಿದನೂರು ದಾಟಿ ಹಿಂದೂಪುರದ ಕಡೆ ಹೋದ್ರೆ ಫೋನು ಆಂಧ್ರದ ಟವರ್ ಹಿಡಿಯುತ್ತೆ. ಗಡಿ ಊರುಗಳೋರು ಒಂದು ವಿಷಯ ನೆನಪಿಡಿ. ಕರ್ನಾಟಕ ಒಂದು ಸರ್ಕಲ್, ಆಂಧ್ರ ಇನ್ನೊಂದು. ನಿಮ್ಮ ಹತ್ರ ಹಿಂದೂಪುರದಲ್ಲಿ ತಗೊಂಡ ಸಿಮ್ ಇದ್ದು, ಅದನ್ನ ಇಲ್ಲಿಗೆ ಪೋರ್ಟ್ ಮಾಡಿದ್ರೆ ಮೂರಲ್ಲ, ಐದು ಕೆಲಸದ ದಿನ ಹಿಡಿಯುತ್ತೆ.

ಚಿಂತಾಮಣಿಯ ಟೊಮೆಟೊ ಮಂಡಿಯಲ್ಲಿ ಹರಾಜಿನ ಹೊತ್ತಿಗೆ ಹೋದೆ. ಅಷ್ಟು ಜನ ಒಟ್ಟಿಗೆ ಫೋನ್ ಹಿಡಿದಾಗ ಕಡ್ಡಿ ಪೂರ್ತಿ ಇದ್ರೂ ನೆಟ್ ನಿಧಾನ ಆಗ್ತಿತ್ತು. ಕಡ್ಡಿ ತೋರಿಸೋದು ಟವರ್ ಸಿಗ್ತಿದೆ ಅಂತ ಮಾತ್ರ, ಆ ಟವರ್ ಮೇಲೆ ಎಷ್ಟು ಜನ ಕೂತಿದ್ದಾರೆ ಅಂತ ಅಲ್ಲ. ಇನ್ನು ನಮ್ಮ ಹುಳುಮನೆ. ತಗಡಿನ ಸೂರಿನ ಕೆಳಗೆ ಎರಡೂ ಸಿಮ್ ಸಪ್ಪಗಾದ್ವು. ಅದಕ್ಕೆ ಯಾವ ಕಂಪನಿನೂ ಬೈಯಂಗಿಲ್ಲ, ತಗಡು ತರಂಗಾನ ತಡೆಯುತ್ತೆ.

ತಿಂಗಳು ಮುಗೀತು, ಪಾಸ್ ಅಂದ್ಕೊಂಡೆ. ಅಪ್ಪನ ನಂಬರ್ ಪೋರ್ಟ್‌ಗೆ ಹಾಕಿದೆ. ಕೆಲಸ ಸುಲಭ: ಇಂಗ್ಲಿಷ್‌ನಲ್ಲಿ ಪೋರ್ಟ್ ಅಂತ ಬರೆದು, ಜಾಗ ಬಿಟ್ಟು ನಂಬರ್ ಹಾಕಿ 1900ಕ್ಕೆ ಮೆಸೇಜ್. ಎಂಟು ಅಕ್ಷರದ ಕೋಡ್ ಬರುತ್ತೆ, ನಾಲ್ಕು ದಿನ ಚಾಲ್ತಿ. ಆಧಾರ್ ತಗೊಂಡು ಹೋದ್ರೆ ಹೊಸ ಸಿಮ್ ಕೈಗೆ ಕೊಡ್ತಾರೆ. ಹಳೇದು ಆಫ್ ಆದಮೇಲೆ ಇದನ್ನ ಹಾಕ್ಕೋಬೇಕು. ಅದು ಯಾವಾಗ ಅಂತ ಮೆಸೇಜ್ ಬರುತ್ತೆ.

ಆ ಮೆಸೇಜ್ ಬಂದಿದ್ದು ಅಪ್ಪನ ಫೋನಿಗೆ. ಅಪ್ಪ ಮೆಸೇಜ್ ಓದಲ್ಲ. ನಾನು ಕೇಳಲೂ ಇಲ್ಲ.

ಬೆಳಗ್ಗೆ ಅಪ್ಪ ಗೂಡು ತುಂಬ್ಕೊಂಡು ಟೆಂಪೋದಲ್ಲಿ ಶಿಡ್ಲಘಟ್ಟದ ಮಾರುಕಟ್ಟೆಗೆ ಹೋದ್ರು. ಅಲ್ಲಿ ಇ-ಹರಾಜು. ರೀಲರ್‌ಗಳು ಮೊಬೈಲ್‌ನಲ್ಲೇ ಬಿಡ್ ಕೂಗ್ತಾರೆ, ರೈತನ ದುಡ್ಡು ಬ್ಯಾಂಕ್ ಖಾತೆಗೆ. ಹರಾಜೇನೋ ಆಯ್ತು. ಆದ್ರೆ ಅಷ್ಟೊತ್ತಿಗೆ ಅಪ್ಪನ ಹಳೇ ಸಿಮ್ ಸತ್ತಿತ್ತು. ಹೊಸ ಸಿಮ್ ಮನೇಲಿ, ದೇವರ ಫೋಟೋ ಹಿಂದೆ ಭದ್ರವಾಗಿ. ಟೆಂಪೋದವನಿಗೆ ಬಾಡಿಗೆ ಕೊಡೋಣ ಅಂದ್ರೆ ನೆಟ್ ಇಲ್ಲ, ಮನೆಗೆ ಫೋನ್ ಮಾಡೋಣ ಅಂದ್ರೆ ಕಾಲ್ ಹೋಗಲ್ಲ, ಖಾತೆಗೆ ದುಡ್ಡು ಬಂತಾ ಅಂತ ತಿಳಿಯೋಕೆ ಮೆಸೇಜ್ ಇಲ್ಲ. ಪಕ್ಕದೂರಿನ ಪರಿಚಯದವರ ಹತ್ರ 800 ರೂಪಾಯಿ ಈಸ್ಕೊಂಡು ಬಾಡಿಗೆ ಕೊಟ್ಟು ಬಂದ್ರು.

ಬಂದವರೇ ಚಪ್ಪಲಿ ಬಿಡ್ತಾ ಹೇಳಿದ್ರು, "ಅರವತ್ತು ರೂಪಾಯಿ ಉಳಿಸೋಕೆ ಹೋಗಿ ನನ್ನ ಸಾಲಗಾರನ್ನ ಮಾಡ್ಬಿಟ್ಯಲ್ಲಮ್ಮಾ." ಬೈದಿದ್ರೆ ವಾಸಿ ಇತ್ತು. ಜೋರಾಗೂ ಹೇಳಲಿಲ್ಲ.

ಹೊಸ ಸಿಮ್ ಹಾಕಿದ ಮೇಲೂ ಮುಗೀಲಿಲ್ಲ. ಯುಪಿಐ ಆ್ಯಪ್ ಸಿಮ್ ಬದಲಾಗಿದ್ದನ್ನ ಕಂಡುಹಿಡಿದು ಮತ್ತೆ ನೋಂದಣಿ ಮಾಡಿ ಅಂತು. ಹಾಗೆ ಮಾಡಿದ ಮೊದಲ 24 ಗಂಟೆ ಎಷ್ಟು ಕಳಿಸಬಹುದು ಅನ್ನೋದಕ್ಕೆ ಮಿತಿ ಇರುತ್ತೆ. ಇದು ನಮ್ಮ ರಕ್ಷಣೆಗೇ ಮಾಡಿರೋದು, ಸರಿ. ಆದ್ರೆ ಅವತ್ತು ಸೊಪ್ಪು ಕೊಯ್ದವರ ಕೂಲಿನೂ ಕೊಡಬೇಕಿತ್ತು. ಹಳೇ ಕಂಪನಿಯಲ್ಲಿ ಉಳಿದಿದ್ದ ಹನ್ನೊಂದು ದಿನದ ರೀಚಾರ್ಜೂ ಹೋಯ್ತು. ಪೋರ್ಟ್ ಆದ್ರೆ ಬಾಕಿ ದಿನಗಳು ಜೊತೆಗೆ ಬರಲ್ಲ ಅಂತ ನಂಗೆ ಗೊತ್ತಿತ್ತು, ಆದ್ರೂ ಆತುರ. ಇನ್ನು ವಾಪಸ್ ಹೋಗ್ತೀನಿ ಅಂದ್ರೂ 90 ದಿನ ಕಾಯಬೇಕು.

ಸಿಗ್ನಲ್ ಪರೀಕ್ಷೆ ಮಾಡಿದ್ದು ನನ್ನ ಫೋನಲ್ಲಿ, ನನ್ನ ಕೆಲಸಕ್ಕೆ. ಅಪ್ಪನ ನಂಬರ್ ಅವರ ಬ್ಯಾಂಕು, ಅವರ ಗೂಡಿನ ದುಡ್ಡು. ಆ ನಂಬರ್ ಅರ್ಧ ದಿನ ಸತ್ತರೆ ಏನೇನು ನಿಲ್ಲುತ್ತೆ ಅಂತ ನಾನು ಲೆಕ್ಕ ಹಾಕಿರಲಿಲ್ಲ.

ಆಮೇಲೆ ಅಮ್ಮನ ಸರದಿ. ಅಮ್ಮನದ್ದು ಹಳೇ ಕೀಪ್ಯಾಡ್ ಫೋನು, 2ಜಿ. ಜಿಯೋಗೆ 2ಜಿ ನೆಟ್‌ವರ್ಕ್ ಇಲ್ಲ, ಹಾಗಾಗಿ ಇಂಥ ಫೋನಿಗೆ ಆ ಸಿಮ್ ಆಗಲ್ಲ. 999 ರೂಪಾಯಿಗೆ ಬಂದಿದ್ದ ಜಿಯೋ ಭಾರತ್ ಫೋನ್ ತಗೊಂಡ್ರೆ ಅದರಲ್ಲಿ ಬೇರೆ ಕಂಪನಿ ಸಿಮ್ ಓಡಲ್ಲ. ನಮ್ಮಮ್ಮನಿಗೆ ನೆಟ್ಟೇ ಬೇಡ, ಮಾತು ಸಾಕು. ಬರೀ ಕಾಲ್, ಎಸ್ಎಂಎಸ್ ಇರೋ ಪ್ಯಾಕನ್ನೂ ಕೊಡಲೇಬೇಕು ಅಂತ ಟ್ರಾಯ್ 2024ರ ಡಿಸೆಂಬರ್‌ನಲ್ಲಿ ಆದೇಶ ಮಾಡಿತು. ಮುಂದಿನ ತಿಂಗಳೇ ಜಿಯೋ 84 ದಿನಕ್ಕೆ 448, ಏರ್‌ಟೆಲ್ 469ರ ಪ್ಯಾಕ್ ತಂದ್ವು. ಅಂಗಡಿಯಲ್ಲಿ ಇದನ್ನ ಅವರಾಗೇ ಹೇಳೋದು ಕಮ್ಮಿ. ಕೇಳಿ. ಎಷ್ಟೋ ಸಲ ಕಂಪನಿ ಬದಲಾಯಿಸೋದೇ ಬೇಕಿಲ್ಲ, ಪ್ಯಾಕ್ ಬದಲಾಯಿಸಿದ್ರೆ ಸಾಕು.

ಅಮ್ಮನ ಪ್ಯಾಕ್ ಹೀಗೆ ಬದಲಾಯಿಸೋಕೆ ಹೋದಾಗಲೇ ಇನ್ನೊಂದು ಗೊತ್ತಾಗಿದ್ದು. ಆ ಸಿಮ್ ಅಮ್ಮನ ಹೆಸರಲ್ಲೇ ಇಲ್ಲ. ಎಷ್ಟೋ ವರ್ಷದ ಹಿಂದೆ ಚಿಕ್ಕಪ್ಪ ಅವರ ದಾಖಲೆ ಕೊಟ್ಟು ತಂದುಕೊಟ್ಟಿದ್ದು. ಅಮ್ಮನ ಬ್ಯಾಂಕ್ ಖಾತೆ, ಆಧಾರ್ ಎಲ್ಲ ಆ ನಂಬರ್‌ಗೇ. ನಾಳೆ ಸಿಮ್ ಕಳೆದುಹೋದ್ರೆ ಡೂಪ್ಲಿಕೇಟ್ ತರೋಕೂ ಚಿಕ್ಕಪ್ಪನೇ ಬರಬೇಕು. ನಿಮ್ಮ ಹೆಸರಲ್ಲಿ ಎಷ್ಟು ನಂಬರ್ ಇವೆ ಅಂತ ಸರ್ಕಾರದ ಸಂಚಾರ್ ಸಾಥಿಯಲ್ಲಿ ನೋಡಬಹುದು. ಇವತ್ತು ರಾತ್ರಿ ಊಟ ಆದಮೇಲೆ ಮನೆಯವರನ್ನೆಲ್ಲ ಕೂರಿಸ್ಕೊಂಡು ಒಂದ್ಸಲ ನೋಡಿ.

ಅಪ್ಪನ ನಂಬರ್ ಈಗ ಆ ಅಗ್ಗದ ಸಿಮ್ಮಲ್ಲೇ ಇದೆ, ಕೆಲಸ ಮಾಡ್ತಿದೆ. ಆದ್ರೂ ಅಪ್ಪ ಮಾರುಕಟ್ಟೆಗೆ ಹೋಗೋ ದಿನ ಅಂಗಿ ಜೇಬಲ್ಲಿ ಸಾವಿರ ರೂಪಾಯಿ ನೋಟು ಇಟ್ಕೊಂಡೇ ಹೋಗ್ತಾರೆ, ಐನೂರರವು ಎರಡು. ಚಿಕ್ಕಪ್ಪ ಸೋಮವಾರ ಬಿಡುವು ಮಾಡ್ಕೊಂಡು ಬರ್ತೀನಿ ಅಂದಿದ್ದಾರೆ, ಅಮ್ಮನ ಸಿಮ್ಮನ್ನ ಅಮ್ಮನ ಹೆಸರಿಗೆ ಮಾಡ್ಸೋಕೆ. ಮುಂದಿನ ವಾರ ಸಿಗೋಣ.